ಗಡಿಯಲ್ಲಿರುವ ಸೈನಿಕರಿಗೆ ದಾವಣಗೆರೆಯಿಂದ ತಿಂಡಿ ಕಳಿಸುವುದು ಹೇಗೆ?

ನೀವು ಕೇಳಿದ್ದು ಇದು: ಬಡಾವಣೆಯವರೆಲ್ಲ ಸೇರಿ ದೀಪಾವಳಿಗೆ ಸೈನಿಕರಿಗೆ ತಿಂಡಿ ಕಳಿಸಬೇಕು ಅಂತಿದ್ದೀರಿ. ವಿಳಾಸ ಎಲ್ಲಿ ಸಿಗುತ್ತೆ, ಏನು ಕಳಿಸಬಹುದು, ಸೈನಿಕರ ಮನೆಯವರಿಗೂ ಏನಾದರೂ ಮಾಡಬಹುದಾ? ನನ್ನ ತಮ್ಮ ಸೇನೆಯಲ್ಲಿದ್ದಾನೆ. ನಿಟುವಳ್ಳಿಯ ನಾವು ಆರೇಳು ಜನ ಐದು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದೇವೆ. ತಪ್ಪು ಮಾಡಿ ಮಾಡಿಯೇ ಕಲಿತದ್ದು.

‘ಯಾರಾದರೂ ಒಬ್ಬ ಯೋಧನಿಗೆ’ ಅಂತ ಬರೆದು ಪಾರ್ಸೆಲ್ ಹಾಕಿದರೆ ಅದು ಯಾರಿಗೂ ತಲುಪುವುದಿಲ್ಲ. ಸೈನಿಕನ ನಂಬರ್, ರ್‍ಯಾಂಕ್, ಹೆಸರು, ಯೂನಿಟ್ ಬೇಕು. ಅದರ ಕೆಳಗೆ ಕೇರಾಫ್ 56 ಎಪಿಒ (ಆರ್ಮಿ ಪೋಸ್ಟ್ ಆಫೀಸ್) ಅಥವಾ 99 ಎಪಿಒ, ಆಮೇಲೆ 9ರಿಂದ ಶುರುವಾಗುವ ಪಿನ್‌ಕೋಡ್. ಅಷ್ಟೇ ವಿಳಾಸ. 56 ಅಂದರೆ ಟಪಾಲು ದೆಹಲಿಯ ಸೇನಾ ಅಂಚೆ ಕೇಂದ್ರದ ಮೂಲಕ ಹೋಗುತ್ತೆ, 99 ಅಂದರೆ ಕೋಲ್ಕತ್ತದ ಮೂಲಕ. ಊರಿನ ಹೆಸರು ಇರುವುದಿಲ್ಲ, ನೀವಾಗಿ ಬರೆಯಲೂಬಾರದು. ಪಲ್ಟನ್ ಎಲ್ಲಿದೆ ಅನ್ನುವುದು ಹೊರಗಿನವರಿಗೆ ಗೊತ್ತಾಗಬಾರದು ಅಂತಲೇ ಈ ಏರ್ಪಾಡು. ಹಾಗಾಗಿ ಈ ವಿಳಾಸಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಮೊದಲ ಸಲ ನಾನು ಕೊರಿಯರ್ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ವಿಳಾಸ ತಿರುಗಿಸಿ ಮುರುಗಿಸಿ ನೋಡಿ, ‘ಇದ್ಯಾವ ಊರು ಅಣ್ಣಾ?’ ಅಂದ. ಈ ವಿಳಾಸಕ್ಕೆ ಹೋಗುವುದು ಅಂಚೆ ಮಾತ್ರ.

ವಿಳಾಸ ಕೊಡಬೇಕಾದವರು ಮನೆಯವರು. ನಿಮ್ಮ ಬೀದಿಯಲ್ಲಿ, ಪಕ್ಕದ ಹಳ್ಳಿಯಲ್ಲಿ ಯಾರ ಮಗ ಸೇನೆಯಲ್ಲಿದ್ದಾನೆ ಅಂತ ವಿಚಾರಿಸಿ. ಅವನ ಹೆಸರಿಗೇ ಕಳಿಸಿ. ತಿನ್ನೋದು ಹೇಗೂ ಇಡೀ ಬ್ಯಾರಕ್.

ಇನ್ನು ತಿಂಡಿ. ದಾವಣಗೆರೆಯವರಲ್ವಾ, ಮೊದಲ ಸಲ ಹೆಮ್ಮೆಯಿಂದ ನರ್ಗಿಸ್ ಮಂಡಕ್ಕಿ ಕಳಿಸಿದೆವು. ತಲುಪಲು ಮೂರು ವಾರ ಹಿಡಿಯಿತು. ‘ಅಕ್ಕಿ ಹಿಟ್ಟು ಯಾಕೆ ಕಳಿಸಿದ್ದೀಯ?’ ಅಂತ ತಮ್ಮ ಫೋನ್ ಮಾಡಿದ. ಉಪ್ಪಿನಕಾಯಿ ಕಳಿಸಿದಾಗ ಎಣ್ಣೆ ಸೋರಿ ಜೊತೆಗಿದ್ದ ಕಾಗದಗಳೆಲ್ಲ ಹಾಳು. ಶೇಂಗಾ ಚಿಕ್ಕಿ ಚಳಿಗೆ ಕಲ್ಲಾಗಿತ್ತಂತೆ. ಗೆದ್ದಿದ್ದು ಗುರೆಳ್ಳು ಪುಡಿ ಮತ್ತು ಶೇಂಗಾ ಚಟ್ನಿಪುಡಿ. ಲಂಗರ್‌ನಲ್ಲಿ, ಅಂದರೆ ಜವಾನರ ಅಡುಗೆಮನೆಯಲ್ಲಿ, ದಿನವೂ ಅದೇ ರೊಟ್ಟಿ, ಅದೇ ದಾಲ್. ಅದರ ಜೊತೆ ಒಂದು ಚಮಚ ಪುಡಿ ಇದ್ದರೆ ಊಟ ಇಳಿಯುತ್ತೆ ಅಂತಾನೆ. ಶೇಂಗಾ ಹೋಳಿಗೆ, ಕೋಡುಬಳೆ ಕೂಡ ತಡೆಯುತ್ತವೆ. ದಪ್ಪ ಕವರಿನಲ್ಲಿ ಸೀಲ್ ಮಾಡಿ, ಡಬ್ಬಿಗೆ ತುಂಬಿ, ಮೇಲೆ ಬಟ್ಟೆ ಹೊಲಿಯಿರಿ. ದ್ರವ ಪದಾರ್ಥ, ಬೆಂಕಿಪೊಟ್ಟಣ, ಲೈಟರ್ ಬೇಡವೇ ಬೇಡ.

ಕಂಬಳಿಯೂ ಬೇಡ. ಒಂದು ವರ್ಷ ಯಾರೋ ಹುಮ್ಮಸ್ಸಿನಿಂದ ಚಳ್ಳಕೆರೆ ಕಂಬಳಿ ಕೊಡಿಸೋಣ ಅಂದರು. ನಮ್ಮ ಕಂಬಳಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಹಿಮದಲ್ಲಿ ಬೇಕಾದ ಬಟ್ಟೆಬರೆ ಸೇನೆಯೇ ಕೊಡುತ್ತೆ, ನಮ್ಮದು ಅವರಿಗೆ ಹೊರೆ.

ಪಾರ್ಸೆಲ್‌ಗಿಂತ ಸುಲಭದ ದಾರಿ ಇನ್ನೊಂದಿದೆ. ರಜೆ ಮುಗಿಸಿ ಹೊರಡುವ ಹುಡುಗನ ಕೈಗೇ ಕೊಡಿ. ಈಗ ನಾವು ಜಾಸ್ತಿ ಹಾಗೇ ಮಾಡುವುದು. ಆದರೆ ಮೊದಲೇ ಅವನನ್ನು ಕೇಳಿ, ಟ್ರಂಕಿನಲ್ಲಿ ಅವರಮ್ಮ ಜಾಗ ಬಿಟ್ಟಿರಬೇಕಲ್ಲ.

ಮನೆಯವರ ಬಗ್ಗೆ ನೀವು ಕೊನೆಗೆ ಕೇಳಿದ್ದೀರಿ. ನನ್ನ ಪ್ರಕಾರ ಅದೇ ಮೊದಲ ಕೆಲಸ. ಪಾರ್ಸೆಲ್ ಕಟ್ಟೋಣ ಬನ್ನಿ ಅಂದರೆ ಬೀದಿಯೆಲ್ಲ ಬರುತ್ತೆ, ಫೋಟೋನೂ ತೆಗೆಸಿಕೊಳ್ಳುತ್ತೆ. ಅರ್ಜಿ ಬರೆದುಕೊಡೋಣ ಬನ್ನಿ ಅಂದರೆ ಬರುವವರು ಇಬ್ಬರು.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ಹವಾಲ್ದಾರ್ ಆಗಿ ನಿವೃತ್ತಿಯಾದವರು. ಅವರು ತೀರಿಕೊಂಡ ಮೇಲೆ ಪೆನ್ಷನ್ ನಿಂತಿತು, ಫ್ಯಾಮಿಲಿ ಪೆನ್ಷನ್ ಶುರುವಾಗಲಿಲ್ಲ. ಅಡ್ಡಿಯಾಗಿದ್ದು ಹೆಸರು. ಸೇನೆಯ ದಾಖಲೆಯಲ್ಲಿ ಇದ್ದದ್ದು ತವರಿನ ಹೆಸರು. ಮದುವೆಯಲ್ಲಿ ಗಂಡನ ಮನೆಯವರು ಬೇರೆ ಹೆಸರಿಟ್ಟಿದ್ದರು, ಆಧಾರ್‌ನಲ್ಲಿ ಬಂದದ್ದು ಅದು. ಹುಟ್ಟಿದ ತಾರೀಖು ಜನವರಿ 1 ಅಂತಿತ್ತು, ಆ ಹಳ್ಳಿಯಲ್ಲಿ ಅರ್ಧ ಜನ ಹುಟ್ಟಿದ್ದು ಅವತ್ತೇ! ಅಜ್ಜಿಯನ್ನು ಕೇಳಿದರೆ, ‘ಶೇಂಗಾ ಕೀಳೋ ಕಾಲದಾಗ ಹುಟ್ಟಿದ್ದಪ್ಪ’ ಅಂದರು.

ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ) ಎರಡೂ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಸಿಕ್ಕವು. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಸೈನಿಕ ಕಲ್ಯಾಣ ಇಲಾಖೆಯ ಮೂಲಕ ರೆಕಾರ್ಡ್ ಆಫೀಸಿಗೆ, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಗೆ, ಕಳಿಸಿದೆವು. ಈ ರೆಕಾರ್ಡ್ ಆಫೀಸ್ ಎಲ್ಲರಿಗೂ ಒಂದೇ ಅಲ್ಲ. ಆರ್ಟಿಲರಿಯವರದು ನಾಸಿಕ್‌ನಲ್ಲಿ, ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್‌ನಲ್ಲಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಯವರದು ಬೆಂಗಳೂರಿನಲ್ಲಿ. ಬೇರೆಯವರ ಕಾಗದವೊಂದನ್ನು ನಾವೇ ತಪ್ಪು ಊರಿಗೆ ಕಳಿಸಿ ಎರಡು ತಿಂಗಳು ಹಾಳು ಮಾಡಿದ್ದೂ ಇದೆ. ಅಜ್ಜಿಗೆ ದುಡ್ಡು ಬರಲು ಎಂಟು ತಿಂಗಳಾಯಿತು. ಬಾಕಿಯೂ ಸೇರಿ ಬಂತು.

ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರದ ಗೋಳು ಬೇರೆ. ಸೇನೆಯ ಪೆನ್ಷನ್ ಈಗ ‘ಸ್ಪರ್ಶ್’ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಪ್ರಮಾಣಪತ್ರ ಕೊಡದಿದ್ದರೆ ಪೆನ್ಷನ್ ನಿಂತೇ ಹೋಗುತ್ತೆ. ಹೊಲದಲ್ಲಿ ದುಡಿದ ಕೈಯ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ಆ್ಯಪ್ ಇದೆ, ಒಬ್ಬರಿಗೆ ಹತ್ತು ನಿಮಿಷ ಸಾಕು. ನಿಮ್ಮ ಗುಂಪಿನ ಕಾಲೇಜು ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ.

ಜವಾನರಿಗೆ ಪೆನ್ಷನ್ ಸಿಗಬೇಕಾದರೆ 15 ವರ್ಷ ಸೇವೆ ಆಗಿರಬೇಕು. ಅದಕ್ಕೆ ಮೊದಲೇ ಮನೆ ಕಷ್ಟಕ್ಕೆ ಬಿಟ್ಟು ಬಂದವರು ಹಳ್ಳಿಗಳಲ್ಲಿ ಸುಮ್ನೆ ಕೂತಿರುತ್ತಾರೆ. 65 ದಾಟಿದ, ಪೆನ್ಷನ್ ಇಲ್ಲದ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನ ಇದೆ. ತಿಂಗಳಿಗೆ 4,000 ಇದ್ದದ್ದು 2025ರಲ್ಲಿ 8,000 ರೂಪಾಯಿ ಆಗಿದೆ. ವೃತ್ತಿಪರ ಕೋರ್ಸ್ ಓದುವ ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವೂ ಅಲ್ಲಿಂದಲೇ: ತಿಂಗಳಿಗೆ ಹುಡುಗಿಯರಿಗೆ 3,000, ಹುಡುಗರಿಗೆ 2,500. ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ಇದು ಗೊತ್ತಿಲ್ಲದೆ ಸಾಲ ಮಾಡಿ ಫೀಸ್ ಕಟ್ಟಿದ ಮನೆ ನೋಡಿದ್ದೇನೆ. ಇವೆಲ್ಲ ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರದು ಗೃಹ ಇಲಾಖೆ, ದಾರಿಯೇ ಬೇರೆ. ಮನೆಗೆ ಹೋದಾಗ ಅದನ್ನೇ ಮೊದಲು ಕೇಳಿಕೊಳ್ಳಿ.

ದುಡ್ಡು ಎತ್ತುವುದಕ್ಕೆ ಮಾತ್ರ ಹೋಗಬೇಡಿ. ಲೆಕ್ಕ, ಅನುಮಾನ, ಜಗಳ ಎಲ್ಲ ಶುರುವಾಗುತ್ತೆ. ಕೊಡಬೇಕು ಅನ್ನುವವರಿಗೆ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿ ತೋರಿಸಿ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಆ ದಿನ ನಡೆಯುತ್ತಿದೆ. ನೇರ ಅಲ್ಲಿಗೇ ಕೊಡಲಿ.

ನಾವು ತಿಂಗಳ ಎರಡನೇ ಶನಿವಾರ ಹಳ್ಳಿ ಕಡೆ ಹೋಗುತ್ತೇವೆ. ರೆಕಾರ್ಡ್ ಆಫೀಸಿನ ಪತ್ರಗಳು ಬರುವುದು ಹಿಂದಿ, ಇಂಗ್ಲಿಷಿನಲ್ಲಿ. ನಿಮ್ಮಲ್ಲಿ ಹಿಂದಿಯಲ್ಲಿ ನೆಟ್ಟಗೆ ಒಂದು ಪತ್ರ ಬರೆಯುವವರು ಇದ್ದರೆ ಮೊದಲು ಅವರನ್ನು ಕಳಿಸಿಕೊಡಿ. ಚಟ್ನಿಪುಡಿ ಕುಟ್ಟುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.