ಮೊದಲ ಪರದೆಯಲ್ಲೇ ಒಟಿಪಿ ಕೇಳಬೇಡಿ

ಯುವ ಮತದಾರರಿಗಾಗಿ ತಾವು ಕಟ್ಟುತ್ತಿರುವ ಮೊಬೈಲ್ ಆಪ್‌ನ ಪರದೆಗಳನ್ನು ಗುಂಪಿಗೆ ಹಾಕಿ ಅಭಿಪ್ರಾಯ ಕೇಳಿದ್ದೀರಿ. ಮೊದಲು ಒಟಿಪಿ ಲಾಗಿನ್, ಅದರ ಬೆನ್ನಿಗೇ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ, ಆಮೇಲೆ ಜಿಲ್ಲೆಯ ಆಯ್ಕೆ, ಕೊನೆಗೆ ಅಂಕಗಳ ಪಟ್ಟಿ. ಬಣ್ಣ, ಐಕಾನ್‌ಗಳ ಬಗ್ಗೆ ಉಳಿದವರು ಹೇಳಿಯಾಗಿದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ನಾನೂ ಇದೇ ಕ್ರಮದಲ್ಲಿ, ಇದೇ ಹುಮ್ಮಸ್ಸಿನಲ್ಲಿ ಒಂದು ಆಪ್ ಕಟ್ಟಿ ಕೈ ಸುಟ್ಟುಕೊಂಡವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಆಪ್ ಪ್ರಾಣ ಬಿಟ್ಟಿದ್ದು ಒಟಿಪಿ ಪರದೆಯಲ್ಲಿ. ವಿಜಯಪುರದ ಪದವಿ ಕಾಲೇಜೊಂದರಲ್ಲಿ ಮೊದಲ ಪ್ರದರ್ಶನ ಇಟ್ಟಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ನಂಬರ್ ಒತ್ತಿ, ಖಾಲಿ ಚೌಕಗಳನ್ನೇ ನೋಡುತ್ತ ಕುಳಿತಿದ್ದಳು. ವಿಚಾರಿಸಿದರೆ, "ಎಲ್ಲಾ ಕಡೆ ಅಪ್ಪಾರ ನಂಬರೇ ಕೊಡೋದ್ರಿ ಸರ್, ಒಟಿಪಿ ಅವ್ರ ಫೋನಿಗೆ ಹೋಗೇತಿ, ಅವ್ರು ಹೊಲದಾಗ ಅದಾರ್ರಿ" ಎಂದಳು. ಸಂಜೆ ಆಕೆಯ ತಂದೆ ಕಾಲೇಜಿನಿಂದ ನನ್ನ ನಂಬರ್ ಪಡೆದು ಫೋನ್ ಮಾಡಿ, ಒಂದೇ ಪ್ರಶ್ನೆ ಕೇಳಿದರು: "ನೀವು ಯಾವ ಪಾರ್ಟಿಯವ್ರು?" ಆ ಪ್ರಶ್ನೆಗೆ ನಾನು ಎಷ್ಟು ವಿವರಣೆ ಕೊಟ್ಟರೂ ಅವರು ನಂಬಲಿಲ್ಲ, ನಂಬಬೇಕಾದ ಕಾರಣವೂ ಇರಲಿಲ್ಲ. ರಾಜಕೀಯದ ಹೆಸರಿನಲ್ಲಿ ಮೊಬೈಲ್ ನಂಬರ್ ಕೇಳಿದವರನ್ನು ನಮ್ಮ ಜನ ಹಾಗೆಯೇ ನೋಡುತ್ತಾರೆ. ಇದರ ಮೇಲೆ, ಒಟಿಪಿಯಂಥ ಎಸ್‌ಎಂಎಸ್‌ಗಳ ಒಕ್ಕಣೆಗೆ ಮೊದಲೇ ಒಪ್ಪಿಗೆ ಪಡೆಯಬೇಕಾದ ಡಿಎಲ್‌ಟಿ ನೋಂದಣಿಯ ಕಾಟ ಬೇರೆ. ಕನ್ನಡದಲ್ಲಿ ಬರೆದ ನನ್ನ ಎಸ್‌ಎಂಎಸ್ ಟೆಂಪ್ಲೇಟ್ ಎರಡು ಸಲ ತಿರಸ್ಕೃತವಾಗಿತ್ತು.

ಎಪಿಕ್ ಸಂಖ್ಯೆ ಕೇಳುವುದಂತೂ ಇನ್ನೂ ವಿಚಿತ್ರ. ತಾವು ಕರೆಯಬೇಕೆಂದಿರುವುದು ಇನ್ನೂ ಮತದಾರರ ಪಟ್ಟಿಗೇ ಸೇರದವರನ್ನು. ಅವರ ಬಳಿ ಇಲ್ಲದ್ದನ್ನೇ ಬಾಗಿಲಲ್ಲಿ ಕೇಳಿದರೆ ಒಳಗೆ ಬರುವವರು ಯಾರು? ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ 17 ವರ್ಷ ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು, ಮತ್ತು 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು 18 ತುಂಬಿದೆಯೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಾಂಕಗಳು ವರ್ಷಕ್ಕೆ ನಾಲ್ಕಿವೆ ಎಂಬುದು ಬಹಳಷ್ಟು ಹುಡುಗರಿಗೆ ಗೊತ್ತೇ ಇರುವುದಿಲ್ಲ. ಆದರೆ 17 ವರ್ಷದವರ ಮಾಹಿತಿ ಇಟ್ಟುಕೊಂಡರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಪೋಷಕರ ಒಪ್ಪಿಗೆಯನ್ನು ಪರಿಶೀಲಿಸಬೇಕಾಗುತ್ತದೆ. ಇಟ್ಟುಕೊಳ್ಳದಿದ್ದರೆ ಆ ತಲೆನೋವೇ ಇಲ್ಲ.

ನನಗೆ ಕೊನೆಗೂ ಕೈ ಹಿಡಿದದ್ದು ಇಷ್ಟೇ. ಮೊದಲ ಪರದೆಯಲ್ಲಿ "ನಿಮ್ಮ ಊರು ಯಾವುದು?" ಎಂಬ ಒಂದೇ ಪ್ರಶ್ನೆ, ಊರು ಆರಿಸಿದ ಕೂಡಲೇ ವಿಧಾನಸಭಾ ಕ್ಷೇತ್ರ, ಲೋಕಸಭಾ ಕ್ಷೇತ್ರ, ಗ್ರಾಮ ಪಂಚಾಯಿತಿ ಮತ್ತು ಮುಂದಿನ ಅರ್ಹತಾ ದಿನಾಂಕ. ಲಾಗಿನ್ ಇಲ್ಲ, ನಂಬರ್ ಇಲ್ಲ. ಜಿಲ್ಲೆಯಿಂದ ಲೋಕಸಭಾ ಕ್ಷೇತ್ರಕ್ಕೆ ನೇರ ಕೊಂಡಿ ಹಾಕಿರುವ ತಮ್ಮ ಕೋಷ್ಟಕವನ್ನು ದಯವಿಟ್ಟು ಇಂದೇ ಅಳಿಸಿ. ಬೆಳಗಾವಿ ಜಿಲ್ಲೆಯ 18 ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟು ಬೆಳಗಾವಿಗೆ, ಎಂಟು ಚಿಕ್ಕೋಡಿಗೆ ಸೇರಿದರೆ, ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡಕ್ಕೆ ಹೋಗುತ್ತವೆ. ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಗದಗ ಜಿಲ್ಲೆಯ ನರಗುಂದವೂ ಇದೆ. ಕಿತ್ತೂರಿನ ಹುಡುಗನಿಗೆ ಬೆಳಗಾವಿಯ ಅಭ್ಯರ್ಥಿಗಳನ್ನು ತೋರಿಸಿದ ದಿನವೇ ಅವನು ಆಪ್ ಕಿತ್ತುಹಾಕುತ್ತಾನೆ. ಹುಡುಕುವ ಪೆಟ್ಟಿಗೆಯಲ್ಲಿ ಬಿಜಾಪುರ, ವಿಜಯಪುರ ಎರಡೂ ಸಿಗಬೇಕು. ಊರ ಹೆಸರು 2014ರ ನವೆಂಬರ್ 1ರಂದು ಬದಲಾದರೂ ಕ್ಷೇತ್ರದ ಹೆಸರು ಬಿಜಾಪುರ ನಗರ ಎಂದೇ ಉಳಿದಿದೆ. ಖಾನಾಪುರ, ನಿಪ್ಪಾಣಿ ಕಡೆಯವರಿಗಾಗಿ ಮರಾಠಿಯ ಗುಂಡಿಯೂ ಮೊದಲ ಪರದೆಯಲ್ಲೇ ಇರಲಿ. ಸೆಟ್ಟಿಂಗ್ಸ್‌ನೊಳಗೆ ಹುದುಗಿಸಿದರೆ ಅದು ಇದ್ದೂ ಇಲ್ಲದಂತೆ.

ಚುನಾವಣೆಯನ್ನೇ ನೆಚ್ಚಿಕೊಂಡ ಆಪ್ ಫಲಿತಾಂಶದ ಮರುದಿನ ಬೀಗ ಹಾಕಿದ ಮನೆಯಾಗುತ್ತದೆ. ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಸಭೆಯ ದಿನಾಂಕ, ಹಿಂದಿನ ಸಭೆಯ ಠರಾವು, ಅದರಲ್ಲಿ ಒಪ್ಪಿದ ಗಟಾರ ಆಯಿತೋ ಇಲ್ಲವೋ ಎಂಬುದರ ಫೋಟೊ, ಈ ಮೂರನ್ನು ಹಾಕಿದ ಮೇಲೆಯೇ ನನ್ನ ಪುಟಕ್ಕೆ ಜನ ಮರಳಿ ಬರತೊಡಗಿದರು. ಅಭ್ಯರ್ಥಿಗಳು ತಮ್ಮ ಆಸ್ತಿ, ಕ್ರಿಮಿನಲ್ ಪ್ರಕರಣಗಳನ್ನು ಘೋಷಿಸುವ ನಮೂನೆ 26ರ ಪ್ರಮಾಣಪತ್ರಗಳನ್ನು ಯಂತ್ರದಿಂದ ಓದಿಸಿ ಸಾರಾಂಶ ಕೊಡುವ ತಮ್ಮ ಯೋಜನೆಯನ್ನು ಮಾತ್ರ ಬಿಡಿ. ಅವು ಸ್ಕ್ಯಾನ್ ಮಾಡಿದ ಹಾಳೆಗಳು. ಒಬ್ಬರ ಪ್ರಕರಣ ಇನ್ನೊಬ್ಬರ ಹೆಸರಿಗೆ ಅಂಟಿದರೆ ಕೋರ್ಟಿಗೆ ಅಲೆಯಬೇಕಾದವರು ತಾವು. ಮೂಲ ಪ್ರತಿಯ ಕೊಂಡಿ ಕೊಟ್ಟರೆ ಸಾಕು.

ಅಂಕಗಳ ಪಟ್ಟಿಯ ಬಗ್ಗೆ ಸ್ವಲ್ಪ ಗದರಿಯೇ ಹೇಳಬೇಕಾಗಿದೆ. ಮತ ಹಾಕಿದ ಬೆರಳಿನ ಫೋಟೊ ಕಳಿಸಿದವರಿಗೆ ರಿಚಾರ್ಜ್ ಕೂಪನ್ ಎಂದು ಬರೆದಿದ್ದೀರಿ. ಮತದಾನದ ಹಕ್ಕು ಚಲಾಯಿಸಿದ್ದಕ್ಕೆ ಪ್ರತಿಫಲ ಕೊಡುವುದನ್ನೂ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮು ಲಂಚದ ವ್ಯಾಖ್ಯೆಯೊಳಗೆ ತರುತ್ತದೆ. ಜಿಲ್ಲಾ ಚುನಾವಣಾಧಿಕಾರಿಗಳನ್ನು ಲಿಖಿತವಾಗಿ ಕೇಳದೆ ಅದಕ್ಕೆ ಕೈ ಹಾಕಬೇಡಿ. ಯಾರಿಗೆ ಮತ ಎಂಬ ಸಮೀಕ್ಷೆಯ ಗುಂಡಿಯೂ ಬೇಡ. ಮತದಾನ ಮುಗಿಯುವ ಮುಂಚಿನ 48 ಗಂಟೆಗಳಲ್ಲಿ ಅದರ ಫಲಿತಾಂಶ ತೋರಿಸುವುದು ನಿಷಿದ್ಧ, ಮತ್ತು ಆ ಹೊತ್ತಿನಲ್ಲಿ ಅದನ್ನು ನಿಲ್ಲಿಸಲು ತಾವು ಮರೆಯುವುದೂ ಖಚಿತ.

ಆಪ್ ಕಟ್ಟುವ ಸಾಧನವಾಗಿ ಫ್ಲಟರ್ ನನಗೂ ಇಷ್ಟವೇ, ಆದರೆ ಈ ಕೆಲಸಕ್ಕೆ ಅಷ್ಟು ಭಾರ ಬೇಡ. ವಾಟ್ಸಾಪ್‌ನಲ್ಲಿ ಕೊಂಡಿ ಒತ್ತಿದರೆ ತೆರೆಯುವ ಹಗುರ ವೆಬ್ ಪುಟ, ನೋಟೊ ಸಾನ್ಸ್ ಕನ್ನಡ ಫಾಂಟ್, ಇಷ್ಟು ಸಾಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚಾದ ಪಂಚಾಯಿತಿ ಠರಾವುಗಳನ್ನು ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ಓದಿ ನೋಡಿ. ಪ್ಲೇ ಸ್ಟೋರ್ ಬೇಕೇಬೇಕೆಂದರೆ, ಹೊಸ ವೈಯಕ್ತಿಕ ಖಾತೆಯಿಂದ ಆಪ್ ಬಿಡುಗಡೆ ಮಾಡುವ ಮುಂಚೆ ಅದನ್ನು ಪರೀಕ್ಷಿಸುವ 12 ಪರೀಕ್ಷಕರು 14 ದಿನ ಸತತವಾಗಿ ಇರಬೇಕೆಂಬ ನಿಯಮವಿದೆ. ಆ 12 ಜನರಲ್ಲಿ ಅಪ್ಪನ ನಂಬರ್ ಕೊಡುವವರು ಇಬ್ಬರಾದರೂ ಇರಲಿ.