ಮಾಳಿಗೆ ಮೇಲೆ ಆಗಸ್ಟ್ 15

ಪ್ರಶ್ನೆ: ಅಕ್ಕಾ, ನನ್ನ ತಂಗಿ ಮಕ್ಕಳನ್ನು ಕರಕೊಂಡು ಅಮೆರಿಕದಿಂದ ಬಂದಿದ್ದಾಳೆ. ಅವರಿಗೆ ಈಗ ಬೇಸಿಗೆ ರಜೆ, ನಮಗೋ ಜಿಟಿಜಿಟಿ ಮಳೆ! ಅಲ್ಲಿ ಜುಲೈ 4ಕ್ಕೆ ಹಿತ್ತಲಲ್ಲೇ ಪಾರ್ಟಿಯಂತೆ. ಧ್ವಜದ ಚಿತ್ರದ ಪ್ಲೇಟು, ಟೀ ಶರ್ಟು, ರಾತ್ರಿ ಪಟಾಕಿ. ಆಗಸ್ಟ್ 15ಕ್ಕೆ ಇಲ್ಲೂ ಹಾಗೇ ಮಾಡೋಣ ದೊಡ್ಡಮ್ಮ ಅಂತ ಹಟ ಹಿಡಿದಿದ್ದಾರೆ. ಮಾಳಿಗೆ ದೊಡ್ಡದಿದೆ, 25 ಜನ ಆಗ್ತಾರೆ. ಚಕ್ರ ಇರುವ ತ್ರಿವರ್ಣದ ಪೇಪರ್ ನ್ಯಾಪ್‌ಕಿನ್ ಆನ್‌ಲೈನ್‌ನಲ್ಲಿ ನೋಡಿಟ್ಟಿದ್ದೇನೆ. ತಿನ್ನೋಕೆ ಬೆಣ್ಣೆ ದೋಸೆ. ಸರಿ ಹೋಗುತ್ತಾ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಪಾರ್ಟಿ ಖಂಡಿತ ಮಾಡಿ. ನ್ಯಾಪ್‌ಕಿನ್ ಮಾತ್ರ ಆರ್ಡರ್ ಮಾಡಬೇಡಿ. ಬಾಯಿ ಒರೆಸಿ ಬುಟ್ಟಿಗೆ ಎಸೆಯುವ ವಸ್ತುವಿನ ಮೇಲೆ ನಮ್ಮ ಧ್ವಜ ಇರುವ ಹಾಗಿಲ್ಲ. ಕರವಸ್ತ್ರ, ದಿಂಬಿನ ಕವರ್, ನ್ಯಾಪ್‌ಕಿನ್ ಇವುಗಳ ಮೇಲೆ ಧ್ವಜ ಅಚ್ಚು ಹಾಕಬಾರದು ಅಂತ ಹೆಸರು ಹಿಡಿದೇ ಹೇಳಿದ್ದಾರೆ. 1971ರ ಕಾನೂನಿನಲ್ಲಿ ಧ್ವಜಕ್ಕೆ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಜೈಲು ಇದೆ. ತಮಾಷೆ ಅಂದರೆ, ಅಮೆರಿಕದ ಧ್ವಜ ನಿಯಮದಲ್ಲೂ ಪೇಪರ್ ನ್ಯಾಪ್‌ಕಿನ್ ಮೇಲೆ ಧ್ವಜ ಬೇಡ ಅಂತಲೇ ಇದೆ! ಅಲ್ಲಿ ಅದಕ್ಕೆ ಶಿಕ್ಷೆ ಇಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲ್ಲ ಅಷ್ಟೆ. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಅಮ್ಮನ ಜೊತೆ ವಾದಕ್ಕೆ ಕೂರ್ತಾರೆ.

ಧ್ವಜ ಒಂದೇ ಇರಲಿ, ನಿಜವಾದದ್ದು ಇರಲಿ. ಬಾಕಿ ಅಲಂಕಾರಕ್ಕೆ ಬರೀ ಬಣ್ಣ ಸಾಕು. ಧ್ವಜಗಳನ್ನೇ ದಾರಕ್ಕೆ ಪೋಣಿಸಿ ತೋರಣ ಕಟ್ಟೋದು ನಿಯಮಕ್ಕೆ ವಿರುದ್ಧ. ಊರ ತುಂಬ ಕಟ್ಟಿರ್ತಾರೆ, ಅದು ಬೇರೆ ಮಾತು. ನೀವು ಚೆಂಡು ಹೂವು, ಸೇವಂತಿಗೆ, ಮಾವಿನ ಸೊಪ್ಪು ತಂದು ಬೇರೆ ಬೇರೆ ಮಾಲೆ ಮಾಡಿ. ಮಳೆಯಲ್ಲಿ ನೆಂದರೂ ಹೂವಿಗೆ ಏನೂ ಆಗಲ್ಲ, ಕ್ರೇಪ್ ಪೇಪರ್ ಆದರೆ ಬಣ್ಣ ಬಿಟ್ಟು ನೆಲವೆಲ್ಲ ರಾಡಿ.

ಧ್ವಜ ಕೊಳ್ಳುವಾಗ ಬಿಚ್ಚಿ ನೋಡಿ ತಗೊಳ್ಳಿ. ಉದ್ದ ಅಗಲ 3:2 ಇರಬೇಕು, ಚಕ್ರಕ್ಕೆ 24 ಗೆರೆ. ಬೀದಿಯಲ್ಲಿ ಮಾರೋದರಲ್ಲಿ ಚಕ್ರ ಮೊಟ್ಟೆಯಾಕಾರದಲ್ಲಿರುತ್ತೆ, ಗೆರೆ ಎಣಿಸಿದರೆ ಲೆಕ್ಕ ತಪ್ಪುತ್ತೆ. ಎಣಿಸುವ ಕೆಲಸ ಮಕ್ಕಳಿಗೇ ಕೊಡಿ. ಖಾದಿಯದ್ದೇ ಬೇಕು ಅಂದರೆ ನಮ್ಮ ಪಕ್ಕದ ಹುಬ್ಬಳ್ಳಿಯ ಬೆಂಗೇರಿಯಲ್ಲೇ ತಯಾರಾಗುತ್ತೆ, ದೇಶಕ್ಕೆಲ್ಲ ಅಲ್ಲಿಂದ ಹೋಗುತ್ತೆ. 2021ರ ಕೊನೆಯಲ್ಲಿ ನಿಯಮ ಬದಲಾದ ಮೇಲೆ ಪಾಲಿಯೆಸ್ಟರ್ ಬಟ್ಟೆಯದ್ದೂ ನಡೆಯುತ್ತೆ. ಪ್ಲಾಸ್ಟಿಕ್ ಬೇಡ. ಕೇಸರಿ ಮೇಲೆ ಬರಲಿ, ಕೋಲು ನೆಟ್ಟಗಿರಲಿ, ನೀರಿನ ಟ್ಯಾಂಕಿನ ಪೈಪಿಗೆ ಸೊಟ್ಟಗೆ ಕಟ್ಟಬೇಡಿ. ಸಂಜೆ ಆರಕ್ಕೆ ಓಡಿ ಹೋಗಿ ಇಳಿಸಬೇಕಿಲ್ಲ, 2022ರಿಂದ ಮನೆ ಮೇಲೆ ರಾತ್ರಿಯೂ ಇರಬಹುದು. ಆದರೆ ಗಾಳಿ ಮಳೆ ಜೋರಾದರೆ ಒಳಗೆ ತನ್ನಿ, ಹರಿದ ಧ್ವಜ ಹಾರಿಸುವ ಹಾಗಿಲ್ಲ.

ಈಗ ದೋಸೆ. ಬೆಣ್ಣೆ ದೋಸೆ ಬೇಡವೇ ಬೇಡ ಅಂತೀನಿ, ದಾವಣಗೆರೆಯವರು ಬೈದರೂ ಪರವಾಗಿಲ್ಲ. 25 ಜನಕ್ಕೆ ಮನೆಯ ಒಂದು ಕಾವಲಿ ಇಟ್ಟುಕೊಂಡು ತಲಾ ಎರಡು ಅಂದರೂ 50 ದೋಸೆ. ಎಲ್ಲರೂ ಮೇಲೆ ನಗ್ತಾ ಕೂತಿರ್ತಾರೆ, ನೀವು ಕೆಳಗೆ ಒಲೆ ಮುಂದೆ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ದೋಸೆ ಮೆತ್ತಗೆ. ತಂಗಿ ಮಕ್ಕಳಿಗೆ ದೋಸೆ ತಿನ್ನಿಸಬೇಕಾ, ಮಾರನೇ ದಿನ ಹೋಟೆಲಿಗೆ ಕರಕೊಂಡು ಹೋಗಿ.

ಮಂಡಕ್ಕಿ ಮಿರ್ಚಿ ಇರುವಾಗ ಬೇರೆ ಯೋಚನೆ ಯಾಕೆ? ಭಟ್ಟಿ ಕಡೆಯಿಂದ ಹೊಸ ಮಂಡಕ್ಕಿ ಒಂದೂಕಾಲು ಕೆಜಿ ತನ್ನಿ, ಧಾರಾಳವಾಗಿ ಆಗುತ್ತೆ. ಅರ್ಧ ಖಾರ ಮಂಡಕ್ಕಿ, ಅರ್ಧ ಒಗ್ಗರಣೆ ಮಂಡಕ್ಕಿ. ಒಗ್ಗರಣೆಗೆ ಒಟ್ಟಿಗೆ ನೆನೆಸಬೇಡಿ. ಒಂದೊಂದೇ ಬೊಗಸೆ ನೀರಿಗೆ ಹಾಕಿ, ಮುಳುಗಿಸಿ, ತಕ್ಷಣ ಹಿಂಡಿ ತೆಗೆಯಿರಿ. ಸ್ವಲ್ಪ ತಡ ಆದರೂ ಮುದ್ದೆ. ಈರುಳ್ಳಿ, ಹಸಿಮೆಣಸು, ಅರಿಶಿನ ಬಾಣಲೆಯಲ್ಲಿ ಬಾಡಿದ ಮೇಲೆ ಮಂಡಕ್ಕಿ ಹಾಕಿ, ಒಲೆ ಆರಿಸಿ, ಕೊನೆಗೆ ಪುಟಾಣಿ ಪುಡಿ. ಪುಡಿ ಕೈಬಿಟ್ಟು ಹಾಕಿ, ಮಿಕ್ಕಿದ ನೀರೆಲ್ಲ ಅದೇ ಹೀರಿಕೊಳ್ಳುತ್ತೆ. ಖಾರ ಮಂಡಕ್ಕಿ ಮಳೆಗಾಲದಲ್ಲಿ ಗಾಳಿ ತಾಗಿದರೆ ಹೋಯಿತು, ಸ್ಟೀಲ್ ಡಬ್ಬಿಯಲ್ಲಿ ಬಿಗಿ ಮುಚ್ಚಳ ಹಾಕಿಟ್ಟು ಹಂಚುವ ಹೊತ್ತಿಗೆ ತೆಗೆಯಿರಿ. ಮಿರ್ಚಿ ಮನೆಯಲ್ಲಿ ಕರಿಯಬೇಡಿ. ಬೀದಿ ಕೊನೆಯ ಗಾಡಿಯವರಿಗೆ ಬೆಳಗ್ಗೆಯೇ 80 ಹೇಳಿಟ್ಟು, ಸಂಜೆ ಯಾರನ್ನಾದರೂ ಗಾಡಿ ಮೇಲೆ ಕಳಿಸಿದರೆ ಬಿಸಿಬಿಸಿ ಬರುತ್ತೆ. ಮೂರು ಬಣ್ಣ ಬೇಕೇ ಬೇಕು ಅಂದರೆ ಕೇಸರಿಬಾತ್, ಮೊಸರನ್ನ, ಕೊತ್ತಂಬರಿ ಚಟ್ನಿ ಇದೆಯಲ್ಲ. ಬಾಟಲಿ ಬಣ್ಣ ಹಾಕಿದ ಹಸಿರು ಇಡ್ಲಿಯನ್ನು ಫೋಟೊ ತೆಗೆದಾದ ಮೇಲೆ ಯಾರೂ ಮುಟ್ಟಲ್ಲ.

ಹೊತ್ತು ಸಂಜೆ ನಾಲ್ಕು ಇಟ್ಟುಕೊಳ್ಳಿ, ಬೆಳಗ್ಗೆ ಇಲ್ಲಿಯ ಮಕ್ಕಳಿಗೆ ಶಾಲೆಯಲ್ಲಿ ಧ್ವಜಾರೋಹಣ ಇರುತ್ತೆ. ಮಳೆ ಬಂದರೆ ಹಾಲ್‌ಗೆ ಇಳಿಯುವ ಹಾಗಿರಲಿ. ಪಟಾಕಿ ಬಿಡಿ. ಅದರ ಬದಲು ಎಲ್ಲ ಮಕ್ಕಳ ಕೈಗೂ ಹತ್ತು ರೂಪಾಯಿ ನೋಟು ಕೊಟ್ಟು, ಪಕ್ಕದ ಪಟ್ಟಿಯಲ್ಲಿರುವ 15 ಭಾಷೆಗಳಲ್ಲಿ ಕನ್ನಡ ಹುಡುಕಿ ಅನ್ನಿ. ಮೇಲಿನಿಂದ ನಾಲ್ಕನೆಯದು, ಅಮೆರಿಕದವರಿಗೆ ಮೊದಲೇ ಹೇಳಿಕೊಡಬೇಡಿ. ಮನೆಯಲ್ಲಿ ಅಜ್ಜ ಇದ್ದರೆ ಮೈಲಾರ ಮಹಾದೇವಪ್ಪನ ಕತೆ ಹೇಳಲಿ. ಹುಬ್ಬಳ್ಳಿ ದಾರಿಯ ಮೋಟೆಬೆನ್ನೂರಿನ ಹುಡುಗ, 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದಾಗ 18 ವರ್ಷ. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಭಾಷಣ ಬೇಡ, ಇಷ್ಟು ಸಾಕು.

ಪ್ರಶ್ನೆ: ಧ್ವಜದ ಬಣ್ಣದ ಕೇಕ್ ಕತ್ತರಿಸಿದರೆ ಕೇಸ್ ಆಗುತ್ತಾ ಮೇಡಂ? ನಮ್ಮ ಭಾವ ಹೆದರಿಸ್ತಿದ್ದಾರೆ.
– ಹರಿಹರದಿಂದ

ಉತ್ತರ: ಚಕ್ರ ಸಮೇತ ತ್ರಿವರ್ಣದ ಕೇಕ್ ಕತ್ತರಿಸಿದ್ದಕ್ಕೆ ಕೇಸ್ ಆಗಿತ್ತು, ಅದು ಅವಮಾನ ಅಲ್ಲ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ಭಾವನವರಿಗೆ ದೊಡ್ಡ ತುಂಡು ಕೊಡಿ. ಆದರೂ ಚಕ್ರ ಬಿಡಿಸಿ ಅದರ ಮೇಲೆ ಚಾಕು ಆಡಿಸೋದು ನನಗಂತೂ ಇಷ್ಟ ಆಗಲ್ಲ. ಮೂರು ಬಣ್ಣದ ಕ್ರೀಮ್ ಹೂವು ಹಾಕಿಸಿ, ಬೇಕರಿಯವರು ಮಾಡಿಕೊಡ್ತಾರೆ.

ಪ್ರಶ್ನೆ: ಮಗಳು ಓಬವ್ವನ ವೇಷ ಹಾಕ್ತೀನಿ ಅಂತಾಳೆ. ಓಬವ್ವ ಸ್ವಾತಂತ್ರ್ಯ ಹೋರಾಟಗಾರ್ತಿ ಅಲ್ಲ ಅಂತ ಓರಗಿತ್ತಿ ತಕರಾರು. ಏನು ಮಾಡಲಿ?
– ಚಿತ್ರದುರ್ಗದಿಂದ

ಉತ್ತರ: ನಿಮ್ಮ ಓರಗಿತ್ತಿ ಹೇಳೋದು ಸರಿ. ಓಬವ್ವ ಒನಕೆ ಎತ್ತಿದ್ದು ಹೈದರಾಲಿಯ ಸೈನಿಕರ ಮೇಲೆ, ಬ್ರಿಟಿಷರ ಮೇಲಲ್ಲ. ಆದರೆ ಇದು ಮನೆಯ ಪಾರ್ಟಿ, ಪರೀಕ್ಷೆ ಅಲ್ವಲ್ಲ. ದುರ್ಗದ ಹುಡುಗಿ ಓಬವ್ವ ಆಗದೆ ಇನ್ಯಾರಾಗಬೇಕು? ಒನಕೆ ಮಾತ್ರ ಥರ್ಮಾಕೋಲಿನದ್ದು ಮಾಡಿಸಿ, ಚಿಕ್ಕ ಮಕ್ಕಳ ತಲೆಗಳಿರುತ್ತವೆ.

ಪ್ರಶ್ನೆ: ಪಾರ್ಟಿ ಮುಗಿದ ಮೇಲೆ ಮಕ್ಕಳ ಕೈಯ ಪೇಪರ್ ಧ್ವಜಗಳನ್ನು ಏನು ಮಾಡಬೇಕು?
– ಓದುಗರೊಬ್ಬರು, ನಿಟ್ಟುವಳ್ಳಿ

ಉತ್ತರ: ಕಸದ ಗಾಡಿಗೆ ಹಾಕಬೇಡಿ. ಎಲ್ಲ ಆರಿಸಿ ಒಟ್ಟಿಗೆ ಇಟ್ಟು, ನಾಲ್ಕು ಜನರ ಎದುರಲ್ಲದೆ ಮನೆಯ ಮಟ್ಟಿಗೆ ಮರ್ಯಾದೆಯಿಂದ ಸುಟ್ಟುಬಿಡಿ. ನಿಯಮ ಹೇಳೋದೂ ಅದನ್ನೇ. ಚೆನ್ನಾಗಿದ್ದರೆ ಪುಸ್ತಕದೊಳಗೆ ಇಟ್ಟು ಜನವರಿ 26ಕ್ಕೆ ತೆಗೆಯಿರಿ.

ಪ್ರಶ್ನೆ: ಆಗಸ್ಟ್ 15ಕ್ಕೆ ವೈನ್ ಶಾಪ್ ಬಂದ್. ನಮ್ಮ ಯಜಮಾನರು ಹಿಂದಿನ ದಿನವೇ ತಂದಿಟ್ಟು ಸ್ನೇಹಿತರನ್ನು ಮಾಳಿಗೆಗೆ ಕರೀತೀನಿ ಅಂತಿದ್ದಾರೆ. ಏನು ಹೇಳಲಿ?
– ಹೆಸರು ಬೇಡ, ತುರುವನೂರು ಕಡೆಯವರು

ಉತ್ತರ: ತುರುವನೂರಿನಿಂದ ಈ ಪ್ರಶ್ನೆನಾ! 1939ರಲ್ಲಿ ನಿಮ್ಮೂರಲ್ಲೇ ಅಲ್ವಾ ಹೆಂಡದ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ್ದು, ಅದಕ್ಕೆ ನಿಜಲಿಂಗಪ್ಪನವರು ಜೈಲಿಗೆ ಹೋಗಿದ್ದು. ಯಜಮಾನರಿಗೆ ಇದನ್ನು ಓದಿ ಹೇಳಿ. ಸ್ನೇಹಿತರು ಬರಲಿ, ಬೇಡ ಅನ್ನಬೇಡಿ. ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ ಒಂದು ಕೊಡ ಮಜ್ಜಿಗೆ ಮಾಡಿಟ್ಟಿರಿ.