ಮೋಟು ಬಾಲದ್ದು ಯಾವುದು, ಉದ್ದ ಬಾಲದ್ದು ಯಾವುದು?

ಪ್ರಶ್ನೆ: ಸಖರಾಯಪಟ್ಟಣದ ಅಯ್ಯನಕೆರೆಯ ಅಂಚಿನ ಜೊಂಡಿನಲ್ಲಿಯೂ ಪಕ್ಕದ ಗದ್ದೆಗಳಲ್ಲಿಯೂ ಗುಬ್ಬಿಗಿಂತ ಚಿಕ್ಕದಾದ ಎರಡು ಬಗೆಯ ಕಂದು ಹಕ್ಕಿಗಳನ್ನು ಮಳೆಗಾಲದಲ್ಲಿ ಕಾಣುತ್ತೇನೆ. ಒಂದರ ಬಾಲ ಮೋಟು, ಇನ್ನೊಂದರದು ಉದ್ದ. ಇವು ಒಂದೇ ಜಾತಿಯ ಗಂಡು ಹೆಣ್ಣುಗಳೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಅಲ್ಲ, ಇವು ಎರಡು ಬೇರೆ ಜಾತಿಗಳು. ನಿಮ್ಮ ವಿವರಣೆಗೆ ಹೊಂದುವ ಮೋಟು ಬಾಲದ್ದು ಝಿಟ್ಟಿಂಗ್ ಸಿಸ್ಟಿಕೋಲಾ. ಉದ್ದ ಬಾಲದ್ದು ಉಲಿಯಕ್ಕಿಗಳ ಬಳಗದ ಪ್ಲೇನ್ ಪ್ರಿನಿಯಾ. ಎರಡೂ ಒಂದೇ ಕುಟುಂಬದವು, ಮತ್ತು ಎರಡರಲ್ಲಿಯೂ ಗಂಡು ಹೆಣ್ಣು ನೋಡಲು ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ನಿಮ್ಮ ಸಂದೇಹ ಸಹಜವೇ.

ಬಾಲಕ್ಕಿಂತ ಮೊದಲು ಬೆನ್ನನ್ನು ನೋಡಿ. ಸುಮಾರು 10 ಸೆಂ.ಮೀ. ಉದ್ದದ ಸಿಸ್ಟಿಕೋಲಾದ ಬೆನ್ನಿನ ಮೇಲೆ ಕಡುಗಪ್ಪು ಗೀರುಗಳು ದಟ್ಟವಾಗಿರುತ್ತವೆ. ಸುಮಾರು 13 ಸೆಂ.ಮೀ. ಉದ್ದದ ಪ್ರಿನಿಯಾದ ಬೆನ್ನು ಒಂದೇ ಸಮನೆ ಮಾಸಲು ಕಂದು, ಕಣ್ಣಿನ ಮೇಲೊಂದು ತಿಳಿಹುಬ್ಬು. ಸಿಸ್ಟಿಕೋಲಾ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿದಾಗ ತುದಿಯಲ್ಲಿ ಬಿಳಿ ಅಂಚು ಕಾಣುತ್ತದೆ.

ನನ್ನ ಅನುಭವದಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವಾಗುತ್ತದೆ. ಮಳೆಗಾಲದಲ್ಲಿ ಗಂಡು ಸಿಸ್ಟಿಕೋಲಾ ಹುಲ್ಲಿನಿಂದ ಮೇಲೆದ್ದು, ಅಲೆಯಂತೆ ಏರಿಳಿಯುತ್ತಾ, ಪ್ರತಿ ಅಲೆಗೊಮ್ಮೆ ‘ಝಿಟ್’ ಎಂದು ಕೂಗುತ್ತಾ ಆಕಾಶದಲ್ಲಿ ಸುತ್ತು ಹೊಡೆದು, ಒಮ್ಮೆಗೇ ಹುಲ್ಲಿನೊಳಗೆ ಬಿದ್ದಂತೆ ಇಳಿದುಬಿಡುತ್ತದೆ. ಪ್ರಿನಿಯಾ ಹಾಗಲ್ಲ, ಜೊಂಡಿನ ತುದಿಯಲ್ಲಿ ಕುಳಿತು ಮಿಡತೆಯ ಸದ್ದಿನಂತಹ ಒಣ ದನಿಯಲ್ಲಿ ಎಡೆಬಿಡದೆ ಹಾಡುತ್ತದೆ.

ಗೂಡಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪ್ರಿನಿಯಾ ಹುಲ್ಲನ್ನು ತೆಳುವಾಗಿ ಸೀಳಿ, ಆ ಎಳೆಗಳಿಂದ ಉದ್ದನೆಯ ಚೀಲದಂತಹ ಗೂಡನ್ನು ಹೆಣೆಯುತ್ತದೆ. ಸಿಸ್ಟಿಕೋಲಾ ಬೇರು ಬಿಟ್ಟು ನಿಂತಿರುವ ಹಸಿ ಹುಲ್ಲಿನ ಎಸಳುಗಳನ್ನೇ ಜೇಡರ ಬಲೆಯ ನೂಲಿನಿಂದ ಬಿಗಿದು ಗೂಡಾಗಿಸುತ್ತದೆ: ಹೊರಗಿನ ಹಂದರ ಗಂಡಿನದು, ಒಳಗಿನ ಮೆತ್ತೆ ಹೆಣ್ಣಿನದು. ಹುಲ್ಲು ಹಸಿರಾಗಿಯೇ ಇರುವುದರಿಂದ ಒಂದು ಮಾರು ದೂರದಿಂದಲೂ ಗೂಡು ಗೋಚರಿಸದು. ಛಾಯಾಚಿತ್ರಕ್ಕಾಗಿ ಹುಲ್ಲನ್ನು ಸರಿಸಿದರೆ ಆ ನೂಲು ಕಿತ್ತುಹೋಗುತ್ತದೆ, ಮೊಟ್ಟೆಗಳು ಉಳಿಯುವುದಿಲ್ಲ. ಆದ್ದರಿಂದ ‘ಝಿಟ್ ಝಿಟ್’ ಎನ್ನುವ ಹಕ್ಕಿ ನಿಮ್ಮ ತಲೆಯ ಮೇಲೆಯೇ ಸುತ್ತತೊಡಗಿದರೆ, ಗೂಡು ಕಾಲಿನ ಹತ್ತಿರವೇ ಇರಬಹುದೆಂದು ತಿಳಿದು, ಬಂದ ದಾರಿಯಲ್ಲೇ ಬದುವಿಗೆ ಹಿಂದಿರುಗಿ, ಅಲ್ಲಿಂದಲೇ ದುರ್ಬೀನಿನಲ್ಲಿ ನೋಡಿ.